ಇಂದಿನ ಧಮ್ಮ ಚಿಂತನೆ: ತಂಬಿಗೆಯ ತಳದಲ್ಲಿ ಉಳಿದ ನೀರು





ವಿಹಾರದಲ್ಲಿ ಕುಳಿತು ತ್ರಿಸರಣ, ಪಂಚಶೀಲ ಹೇಳುವಾಗ ನಾಲ್ಕನೆಯ ಶೀಲ ಬರುತ್ತದೆ. ಮುಸಾವಾದದಿಂದ, ಅಂದರೆ ಸುಳ್ಳು ಮಾತಿನಿಂದ ದೂರವಿರುತ್ತೇನೆ ಎಂದು ಒಪ್ಪಿಕೊಳ್ಳುತ್ತೇವೆ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಬೋಧಿಸಿದ 22 ಪ್ರತಿಜ್ಞೆಗಳಲ್ಲೂ ಸುಳ್ಳು ಹೇಳುವುದಿಲ್ಲ ಎಂಬುದು ಒಂದು. ಹೀಗೆ ಹೇಳುವಾಗ ನಮ್ಮ ಮನಸ್ಸಿಗೆ ಬರುವುದು ಸಾಮಾನ್ಯವಾಗಿ ಮೋಸದ ಸುಳ್ಳು. ಸಾಲ ತಗೊಂಡು ತಗೊಂಡೇ ಇಲ್ಲ ಅನ್ನುವುದು, ಸುಳ್ಳು ಸಾಕ್ಷಿ ಹೇಳುವುದು, ತೂಕದಲ್ಲಿ ವಂಚಿಸುವುದು. ಇವನ್ನೆಲ್ಲ ನಾವು ಮಾಡಿಲ್ಲ ಎಂಬ ಸಮಾಧಾನದಿಂದ ಐದನೆಯ ಶೀಲಕ್ಕೆ ಹೋಗುತ್ತೇವೆ.

ಇವತ್ತು ಇನ್ನೊಂದು ಬಗೆಯ ಸುಳ್ಳನ್ನು ಕುರಿತು ಯೋಚಿಸೋಣ. ತನ್ನ ಬಗ್ಗೆ ತಾನೇ ಕಟ್ಟಿ ಹೇಳಿಕೊಳ್ಳುವ ಸುಳ್ಳು ಅದು. ಸಂಬಳ ಕೇಳಿದರೆ ಹತ್ತು ಸಾವಿರ ಸೇರಿಸಿ ಹೇಳುವುದು. ಸಭೆಯಲ್ಲಿ ಡಿ.ಸಿ.ಯವರ ಕೈ ಕುಲುಕಿದ್ದನ್ನು 'ಡಿ.ಸಿ. ನಮಗೆ ಬಹಳ ಬೇಕಾದವರು' ಎಂದು ಬೆಳೆಸುವುದು. ಅರ್ಧಕ್ಕೆ ಬಿಟ್ಟ ಡಿಗ್ರಿಯನ್ನು ಮುಗಿಸಿದೆ ಅನ್ನುವುದು. ನಮ್ಮ ಕಡೆ ಇದಕ್ಕೆ ಬುರುಡೆ ಬಿಡೋದು, ರೀಲು ಬಿಡೋದು ಅಂತಾರೆ. ಯಾರ ದುಡ್ಡೂ ಹೋಗಲಿಲ್ಲ, ಯಾರ ಮನೆಯೂ ಮುರಿಯಲಿಲ್ಲ ಎಂದು ನಕ್ಕು ಬಿಟ್ಟುಬಿಡುತ್ತೇವೆ. ಆದರೆ ಕೆಲವರಿಗೆ ಇದು ಬಿಡಲಾಗದ ಚಟವಾಗಿರುತ್ತದೆ. ಲಾಭವಿಲ್ಲದ ಕಡೆಯೂ ಸೇರಿಸುತ್ತಾರೆ. ಹೇಳುತ್ತಾ ಹೇಳುತ್ತಾ ಯಾವುದು ನಡೆದದ್ದು, ಯಾವುದು ಸೇರಿಸಿದ್ದು ಎಂದು ಅವರಿಗೇ ತಿಳಿಯದಂತಾಗುತ್ತದೆ. ಇಂಥವರು ಊರುಗಳಲ್ಲೂ, ಕುಟುಂಬಗಳಲ್ಲೂ ಇದ್ದಾರೆ.

*ಭಗವಾನರು ರಾಹುಲನಿಗೆ ಹೇಳಿದ್ದು*

ಮಜ್ಝಿಮ ನಿಕಾಯದ 61ನೆಯ ಸುತ್ತ ರಾಹುಲನಿಗೆ ಕೊಟ್ಟ ಉಪದೇಶ. ಅಟ್ಠಕಥೆಯ ಪ್ರಕಾರ ರಾಹುಲನಿಗೆ ಆಗ ಏಳು ವರ್ಷ. ರಾಜಗೃಹದ ಅಂಬಲಟ್ಠಿಕದಲ್ಲಿದ್ದ ಮಗನ ಬಳಿಗೆ ಭಗವಾನರು ಬರುತ್ತಾರೆ. ಹುಡುಗ ಆಸನ ಹಾಸಿ, ಕಾಲು ತೊಳೆಯಲು ನೀರು ಇಡುತ್ತಾನೆ. ಕಾಲು ತೊಳೆದ ಮೇಲೆ ಪಾತ್ರೆಯ ತಳದಲ್ಲಿ ಸ್ವಲ್ಪ ನೀರು ಉಳಿಯುತ್ತದೆ. ಅದನ್ನು ತೋರಿಸಿ, ಗೊತ್ತಿದ್ದೂ ಸುಳ್ಳು ಹೇಳಲು ನಾಚದವನಲ್ಲಿ ಸಮಣತನ ಇಷ್ಟೇ ಉಳಿದಿರುತ್ತದೆ ಎನ್ನುತ್ತಾರೆ. ಆ ನೀರನ್ನು ಚೆಲ್ಲಿ, ಅವನು ಅದನ್ನೂ ಹೀಗೆ ಚೆಲ್ಲಿಬಿಟ್ಟಿದ್ದಾನೆ ಎನ್ನುತ್ತಾರೆ. ಪಾತ್ರೆಯನ್ನು ಬೋರಲು ಹಾಕುತ್ತಾರೆ. ಮತ್ತೆ ಎತ್ತಿ ನಿಲ್ಲಿಸಿ, ಒಳಗಿನ ಖಾಲಿಯನ್ನು ತೋರಿಸುತ್ತಾರೆ.

ಆಮೇಲೆ ಯುದ್ಧದ ಆನೆಯ ಹೋಲಿಕೆ ಬರುತ್ತದೆ. ಆನೆ ಕಾಲು, ದಂತ, ಬಾಲ ಎಲ್ಲವನ್ನೂ ಬಳಸಿ ಹೋರಾಡುತ್ತದೆ, ಸೊಂಡಿಲನ್ನು ಮಾತ್ರ ಕಾಪಾಡಿಕೊಳ್ಳುತ್ತದೆ. ಸೊಂಡಿಲನ್ನೂ ಮುಂದೆ ಮಾಡಿತು ಎಂದರೆ ಅದು ಪ್ರಾಣದ ಆಸೆ ಬಿಟ್ಟಿದೆ, ಇನ್ನು ಅದು ಮಾಡದ ಕೆಲಸವಿಲ್ಲ. ಗೊತ್ತಿದ್ದೂ ಸುಳ್ಳು ಹೇಳಲು ನಾಚದವನೂ ಹಾಗೆಯೇ. ಆದ್ದರಿಂದ ತಮಾಷೆಗೂ ಸುಳ್ಳು ಹೇಳದಿರಲು ಕಲಿ ಎಂದು ಮಗುವಿಗೆ ಹೇಳುತ್ತಾರೆ.

ನಾನು ಮೇಷ್ಟ್ರ ಕೆಲಸ ಮಾಡುವವಳು. ಈ ಸುತ್ತ ಓದಿದಾಗಲೆಲ್ಲ ಇದು ಒಳ್ಳೆಯ ಪಾಠ ಅನ್ನಿಸುತ್ತದೆ. ಕೈಗೆ ಸಿಕ್ಕ ತಂಬಿಗೆಯೇ ಪಾಠೋಪಕರಣ. ಹುಡುಗ ಏನು ಸುಳ್ಳು ಹೇಳಿದ್ದ ಎಂಬ ವಿಚಾರಣೆ ಇಲ್ಲ. ನಾಲ್ಕು ಜನರ ಮುಂದೆ ನಿಲ್ಲಿಸಿ ಕಿವಿ ಹಿಂಡುವುದೂ ಇಲ್ಲ.

ಸಾಮ್ರಾಟ ಅಶೋಕನಿಗೂ ಈ ಉಪದೇಶ ಬಹಳ ಮುಖ್ಯವಾಗಿತ್ತು. ರಾಜಸ್ಥಾನದ ಬೈರಾಟ್‌ನಲ್ಲಿ ಸಿಕ್ಕಿ, ಈಗ ಕೋಲ್ಕತ್ತದ ಏಷ್ಯಾಟಿಕ್ ಸೊಸೈಟಿಯಲ್ಲಿರುವ ಅವನ ಶಾಸನದಲ್ಲಿ ಏಳು ಧಮ್ಮಪಾಠಗಳ ಹೆಸರಿದೆ. ಭಿಕ್ಖು, ಭಿಕ್ಖುಣಿಯರು ಮಾತ್ರವಲ್ಲ, ಉಪಾಸಕ ಉಪಾಸಿಕೆಯರೂ ಇವನ್ನು ಮತ್ತೆ ಮತ್ತೆ ಕೇಳಿ ಮನನ ಮಾಡಬೇಕು ಎಂದು ಅವನು ಕೋರುತ್ತಾನೆ. ಅವುಗಳಲ್ಲಿ ಒಂದು, ಸುಳ್ಳಿನ ವಿಷಯವಾಗಿ ರಾಹುಲನಿಗೆ ಕೊಟ್ಟ ಉಪದೇಶ. ನಮ್ಮ ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯ ಬಂಡೆಯ ಮೇಲೂ ಅಶೋಕ ಬರೆಸಿದ ಮಾತಿದೆ: ತಂದೆ ತಾಯಿಯ ಮಾತು ಕೇಳಬೇಕು, ಜೀವಿಗಳಲ್ಲಿ ದಯೆ ಗಟ್ಟಿಯಾಗಿರಬೇಕು, ಸತ್ಯವನ್ನು ನುಡಿಯಬೇಕು. ಎರಡು ಸಾವಿರ ವರ್ಷಕ್ಕೂ ಹಿಂದೆ ನಮ್ಮ ನೆಲದಲ್ಲಿ ಕೊರೆದ ಧಮ್ಮದ ಮಾತು ಇದು. ಆ ಕಡೆ ಹೋದವರು ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸಿ.

*ಸಂಘದಲ್ಲಿ ಅತಿ ದೊಡ್ಡ ಸುಳ್ಳು ಯಾವುದು?*

ವಿನಯ ಪಿಟಕದಲ್ಲಿ ಭಿಕ್ಖುವನ್ನು ಸಂಘದಿಂದ ಶಾಶ್ವತವಾಗಿ ಹೊರಗಿಡುವ ನಾಲ್ಕು ಅಪರಾಧಗಳಿವೆ. ಅವುಗಳ ಹೆಸರು ಪಾರಾಜಿಕ. ಮೂರು ಸುಲಭವಾಗಿ ಊಹಿಸಬಹುದಾದವು: ಕಾಮ, ಕಳವು, ಕೊಲೆ. ನಾಲ್ಕನೆಯದು, ಇಲ್ಲದ ಸಾಧನೆಯನ್ನು ಇದೆ ಎಂದು ತನ್ನ ಬಗ್ಗೆ ಹೇಳಿಕೊಳ್ಳುವುದು. ಕೊಲೆಯ ಸಾಲಿನಲ್ಲಿ ಬುರುಡೆಯೇ ಎಂದು ಆಶ್ಚರ್ಯವಾಗಬಹುದು. ಅದರ ಹಿಂದಿನ ಘಟನೆ ಹೀಗಿದೆ.

ವಜ್ಜಿಗಳ ನಾಡಿನಲ್ಲಿ ಬರಗಾಲ. ವಗ್ಗುಮುದಾ ನದಿಯ ದಡದಲ್ಲಿ ಮಳೆಗಾಲ ಕಳೆಯುತ್ತಿದ್ದ ಭಿಕ್ಖುಗಳಿಗೆ ಊಟದ ಚಿಂತೆ ಹತ್ತಿತು. ಒಂದು ಉಪಾಯ ಮಾಡಿದರು. ಈ ಭಿಕ್ಖು ಇಂಥ ಝಾನ ಪಡೆದವರು, ಆ ಭಿಕ್ಖು ಅರಹಂತರು ಎಂದು ಊರವರ ಮುಂದೆ ಒಬ್ಬರನ್ನೊಬ್ಬರು ಹೊಗಳಿಕೊಂಡರು. ಇಂಥ ಮಹಾತ್ಮರು ನಮ್ಮೂರಿಗೆ ಬಂದದ್ದೇ ಪುಣ್ಯ ಎಂದು ಜನ ತಾವು ಉಣ್ಣದೆ, ತಂದೆ ತಾಯಿಗೆ, ಹೆಂಡತಿ ಮಕ್ಕಳಿಗೆ ಕೊಡದೆ ಇವರಿಗೆ ಬಡಿಸಿದರು. ಮಳೆಗಾಲ ಮುಗಿಸಿ ವೈಶಾಲಿಗೆ ಬಂದಾಗ ಬೇರೆ ಕಡೆಯ ಭಿಕ್ಖುಗಳೆಲ್ಲ ಎಲುಬು ಕಾಣುವಂತೆ ಬಡಕಲಾಗಿದ್ದರು. ಇವರು ಮಾತ್ರ ಮೈ ತುಂಬಿಕೊಂಡು ಬಂದಿದ್ದರು. ಭಗವಾನರು ವಿಷಯ ವಿಚಾರಿಸಿ, ನೀವು ಹೇಳಿಕೊಂಡದ್ದು ನಿಜವಾಗಿ ಇತ್ತೇ ಎಂದು ಕೇಳಿದರು. ಇರಲಿಲ್ಲ ಎಂದರು. ಇಂಥವನು ಎಲ್ಲ ಕಳ್ಳರಿಗಿಂತ ದೊಡ್ಡ ಕಳ್ಳ, ನಾಡಿನ ಅನ್ನವನ್ನು ಕದ್ದು ಉಂಡವನು ಎಂದು ಭಗವಾನರು ಖಂಡಿಸಿದರು.

ಯಾರಿಗೂ ನಷ್ಟವಿಲ್ಲ ಎಂದುಕೊಂಡ ಸುಳ್ಳಿನ ಲೆಕ್ಕ ಇಲ್ಲಿದೆ. ಎಲ್ಲೋ ಒಂದು ಮನೆಯಲ್ಲಿ ಒಂದು ಮಗು ಆ ರಾತ್ರಿ ಹಸಿದು ಮಲಗಿದೆ.

ಅದೇ ನಿಯಮದಲ್ಲಿ ಒಂದು ಕರುಣೆಯೂ ಇದೆ. ಸಾಧನೆ ಆಗಿದೆ ಎಂದು ಪ್ರಾಮಾಣಿಕವಾಗಿ ತಪ್ಪು ತಿಳಿದು ಹೇಳಿಕೊಂಡವನಿಗೆ ಈ ಅಪರಾಧ ಅಂಟುವುದಿಲ್ಲ. ರಾಹುಲನಿಗೆ ಹೇಳಿದ ಮಾತಿನಲ್ಲೂ 'ಸಂಪಜಾನ' ಎಂಬ ಶಬ್ದವಿದೆ, ಅಂದರೆ ಗೊತ್ತಿದ್ದೂ. ವಯಸ್ಸಾಗಿ ಮರೆವು ಬಂದ ಅಜ್ಜ ನಡೆಯದ್ದನ್ನು ನಡೆದಂತೆ ಹೇಳಿದರೆ ಅದು ಮುಸಾವಾದವಲ್ಲ. ಅವರನ್ನು ಸುಳ್ಳುಗಾರ ಎಂದು ಕರೆಯುವುದು ನಮ್ಮ ತಪ್ಪು.

*ಯಾಕೆ ಹೀಗೆ ಮಾಡುತ್ತಾರೆ?*

ಕನ್ನಡದಲ್ಲಿ ಮಾನ ಎಂದರೆ ಮರ್ಯಾದೆ. ಅಳತೆ ಎಂಬ ಅರ್ಥವೂ ಇದೆ. ತಾಪಮಾನ, ಕಾಲಮಾನ ಎನ್ನುತ್ತೇವಲ್ಲ, ಹಾಗೆ. ಪಾಳಿಯಲ್ಲಿ ಮಾನ ಎಂದರೆ ತನ್ನನ್ನು ಇನ್ನೊಬ್ಬರ ಜೊತೆ ಅಳೆದುಕೊಳ್ಳುವ ಅಹಂಕಾರ. ಅದು ಮೂರು ಬಗೆ. ನಾನು ಅವನಿಗಿಂತ ಮೇಲು ಅನ್ನುವುದು ಒಂದು. ನಾನು ಅವನಿಗೆ ಸಮ ಅನ್ನುವುದು ಇನ್ನೊಂದು. ನಾನು ಅವನಿಗಿಂತ ಕೀಳು ಅನ್ನುವುದು ಮೂರನೆಯದು. ಕೀಳರಿಮೆಯನ್ನೂ ಧಮ್ಮ ಮಾನದ ಪಟ್ಟಿಗೆ ಸೇರಿಸಿದೆ, ಏಕೆಂದರೆ ಅಲ್ಲೂ ಅಳತೆಗೋಲು ಕೈಯಲ್ಲೇ ಇದೆ.

ಜಾತಿ ವ್ಯವಸ್ಥೆಯನ್ನು ಬಾಬಾಸಾಹೇಬರು ಶ್ರೇಣೀಕೃತ ಅಸಮಾನತೆ ಎಂದು ಕರೆದರು. ಏಣಿಯಂತೆ ಒಂದರ ಮೇಲೊಂದು ಮೆಟ್ಟಿಲು. ಪ್ರತಿಯೊಬ್ಬರ ಕಣ್ಣೂ ಮೇಲಿನ ಮೆಟ್ಟಿಲಿನ ಮೇಲೆ. ಹುಟ್ಟಿದಾಗಿನಿಂದ ಕೆಳಗಿನವನು ಎಂದು ಹೇಳಿಸಿಕೊಂಡು ಬೆಳೆದವರು ಮಾತಿನಲ್ಲಾದರೂ ಒಂದು ಮೆಟ್ಟಿಲು ಹತ್ತಲು ಹೋಗುತ್ತಾರೆ. ಬುರುಡೆ ಬಿಡುವವನನ್ನು ಸೊಕ್ಕಿನವನು ಎಂದು ನಾವು ತಿಳಿಯುತ್ತೇವೆ. ಎಷ್ಟೋ ಸಲ ಅವನು ಇದ್ದ ಹಾಗೆ ಇದ್ದರೆ ಸಾಲದು ಎಂದು ಹೆದರಿದವನು.

ನಮ್ಮ ಶಾಲೆಯ ಎಂಟನೇ ಕ್ಲಾಸಿನಲ್ಲಿ ಒಬ್ಬ ಹುಡುಗನಿದ್ದ. ಅಪ್ಪ ಮಿಲಿಟರಿಯಲ್ಲಿದ್ದಾರೆ ಎಂದು ಹೇಳಿಕೊಂಡಿದ್ದ. ಮುಂದಿನ ವಾರ ಮನೆಯಲ್ಲಿ ಬಂದೂಕು ಇದೆ ಎಂದಾಯಿತು. ಅದರ ಮುಂದಿನ ವಾರ ಅಪ್ಪ ಉಗ್ರರನ್ನು ಹಿಡಿದರು ಎಂದಾಯಿತು. ಹುಡುಗರು ಫೋಟೋ ತೋರಿಸು ಎಂದು ಹಟ ಹಿಡಿದ ಮೇಲೆ ಮೂರು ದಿನ ಶಾಲೆಗೇ ಬರಲಿಲ್ಲ. ಅವನ ತಂದೆ ಬೆಂಗಳೂರಿನಲ್ಲಿ ಪೇಂಟಿಂಗ್ ಕೆಲಸ ಮಾಡುವವರು, ಎರಡು ತಿಂಗಳಿಗೊಮ್ಮೆ ಊರಿಗೆ ಬರುತ್ತಾರೆ ಎಂಬುದು ನನಗೆ ಗೊತ್ತಿತ್ತು. ಅವನು ಬಂದ ದಿನ ಊಟದ ಬಿಡುವಿನಲ್ಲಿ ಒಬ್ಬನನ್ನೇ ಕೂರಿಸಿಕೊಂಡು ಯಾಕೆ ಹಾಗೆ ಹೇಳಿದೆ ಅಂದೆ. "ಹಂಗಂದ್ರೆ ಮಾತ್ರ ಕೇಳ್ತಾರೆ ಮಿಸ್" ಅಂದ.

ನಿಮ್ಮಪ್ಪ ಏನು ಕೆಲಸ ಮಾಡ್ತಾರೆ, ನನಗೆ ಹೇಳು ಅಂದೆ. ಮೊದಲು ತಲೆ ತಗ್ಗಿಸಿದ. ಆಮೇಲೆ ಶುರು ಮಾಡಿದ. ಗೋಡೆಗೆ ಪುಟ್ಟಿ ಹಚ್ಚೋದು, ಉಪ್ಪುಕಾಗದದಲ್ಲಿ ಉಜ್ಜೋದು, ಪ್ರೈಮರ್ ಹೊಡೆಯೋದು, ಎಂಟು ಮಹಡಿ ಮೇಲಿಂದ ಹಗ್ಗದಲ್ಲಿ ಹಲಗೆ ಇಳಿಬಿಟ್ಟು ಅದರ ಮೇಲೆ ಕೂತು ಹೊರಗಿನ ಗೋಡೆಗೆ ಬಣ್ಣ ಬಳಿಯೋದು. ರಜೆಯಲ್ಲಿ ಅಪ್ಪನ ಜೊತೆ ಹೋಗಿ ಕೆಳಗೆ ನಿಂತು ನೋಡಿದ್ದನಂತೆ. ಭಯ ಆಗಲಿಲ್ವಾ ಅಂದೆ. "ನಂಗಾಯ್ತು, ಅಪ್ಪಂಗೆ ಇಲ್ಲ" ಅಂದ. ಇದನ್ನು ಹೇಳುವಾಗ ಅವನು ಒಂದು ಮಾತನ್ನೂ ಹುಡುಕಬೇಕಾಗಲಿಲ್ಲ. ಮುಂದಿನ ವಾರ ಎಂಟು ಮಹಡಿ ಹತ್ತಾಗಿತ್ತು. "ಎಂಟಲ್ವೇನೋ?" ಅಂದೆ. ನಕ್ಕುಬಿಟ್ಟು "ಎಂಟೇ ಮಿಸ್" ಅಂದ. ಚಟ ಒಂದು ವಾರದಲ್ಲಿ ಹೋಗುವುದಿಲ್ಲ.

*ಬಚ್ಚಿಡುವುದು ಬೇರೆ, ಬೆಳೆಸುವುದು ಬೇರೆ*

ಇಲ್ಲಿ ಒಂದು ಮಾತನ್ನು ಸ್ಪಷ್ಟವಾಗಿ ಹೇಳಲೇಬೇಕು. ಬೆಂಗಳೂರಿನಲ್ಲಿ ಬಾಡಿಗೆ ಮನೆ ಕೇಳಲು ಹೋದ ನಮ್ಮ ಮಕ್ಕಳಿಗೆ 'ನೀವು ಯಾವ ಜನ?' ಎಂಬ ಪ್ರಶ್ನೆ ಎದುರಾಗುತ್ತದೆ. ಏನೋ ಒಂದು ಹೇಳಿ ಮನೆ ಹಿಡಿಯುತ್ತಾರೆ. ಅವರನ್ನು ಬುರುಡೆ ಬಿಡುವವರ ಜೊತೆ ಸೇರಿಸಿ ತೂಗುವುದು ನ್ಯಾಯವಲ್ಲ. ಆ ಸುಳ್ಳಿನ ಅರ್ಧ ಭಾರ ಪ್ರಶ್ನೆ ಕೇಳಿದವರ ಮೇಲಿದೆ.

ಬಾಬಾಸಾಹೇಬರ 'ವೇಟಿಂಗ್ ಫಾರ್ ಎ ವೀಸಾ' ಓದಿದವರಿಗೆ ಇದು ಗೊತ್ತು. 1901ರಲ್ಲಿ ಬಾಲಕ ಭೀಮರಾವ್ ತಂದೆಯನ್ನು ಕಾಣಲು ಹೊರಟು ಮಸೂರ್ ಸ್ಟೇಷನ್ನಿನಲ್ಲಿ ಇಳಿದಾಗ, ಮಕ್ಕಳ ಒಳ್ಳೆಯ ಬಟ್ಟೆ ನೋಡಿ ಸ್ಟೇಷನ್ ಮಾಸ್ತರು ಕನಿಕರದಿಂದ ಮಾತಾಡಿಸಿ ಯಾರು ಎಂದು ಕೇಳಿದರು. ಹುಡುಗ ಯೋಚಿಸದೆ ಮಹಾರರು ಎಂದು ನಿಜ ಹೇಳಿದ. ಮಾಸ್ತರ ಮುಖವೇ ಬದಲಾಯಿತು. ಅದೇ ಪ್ರಯಾಣದ ರಾತ್ರಿ ಸುಂಕದ ಕಟ್ಟೆಯಲ್ಲಿ ಗಾಡಿಯವನು ಹೇಳಿಕೊಟ್ಟಂತೆ ತಾವು ಮುಸಲ್ಮಾನರು ಎಂದು ಹೇಳಿ ನೀರು ಕೇಳಿದ. ಆಗಲೂ ನೀರು ಸಿಗಲಿಲ್ಲ. ಮುಂದೆ ಅಮೆರಿಕದಲ್ಲಿ ಓದಿ ಬಂದು ಬರೋಡಾದಲ್ಲಿ ಕೆಲಸಕ್ಕೆ ಸೇರಿದಾಗ ತಂಗಲು ಜಾಗವಿಲ್ಲದೆ, ಪಾರ್ಸಿ ವಸತಿಗೃಹದಲ್ಲಿ ಪಾರ್ಸಿ ಹೆಸರು ಬರೆಸಿ ಉಳಿದರು. ಹನ್ನೊಂದನೆಯ ದಿನ ಕೋಲು ಹಿಡಿದ ಹತ್ತು ಹನ್ನೆರಡು ಮಂದಿ ಬಂದು ಹೊರಹಾಕಿದರು.

ಈ ಘಟನೆಗಳು ನಮಗೆ ಹೇಗೆ ಗೊತ್ತಾದವು? ಬಾಬಾಸಾಹೇಬರೇ ಬರೆದಿಟ್ಟಿದ್ದರಿಂದ. ಹೆಸರು ಬದಲಿಸಿ ತಂಗಿದ್ದನ್ನು ಅವರು ಮರೆಮಾಚಲಿಲ್ಲ. ಕೋಲು ಹಿಡಿದವರನ್ನು ತಾನು ಎದುರಿಸಿ ಓಡಿಸಿದೆ ಎಂದು ಬರೆದಿದ್ದರೆ ಅಲ್ಲ ಎನ್ನಲು ಯಾರಿದ್ದರು? ಅವರು ಹಾಗೆ ಬರೆಯಲಿಲ್ಲ. ಇನ್ನೊಂದಷ್ಟು ದಿನ ಇರಲು ಬಿಡಿ ಎಂದು ಬೇಡಿಕೊಂಡದ್ದನ್ನು, ಸಾಮಾನು ಕಟ್ಟಿಕೊಂಡು ಹೊರಟು ಉದ್ಯಾನವನದಲ್ಲಿ ಕೂತದ್ದನ್ನು, ಅದನ್ನು ನೆನೆದಾಗಲೆಲ್ಲ ಕಣ್ಣೀರು ಬರುವುದನ್ನು ಬರೆದರು. ಕಣ್ಣೀರನ್ನು ಕಣ್ಣೀರು ಎಂದೇ ಬರೆದಿದ್ದರಿಂದ ಆ ಪುಟಗಳು ಇವತ್ತಿಗೂ ಜಾತಿಯ ವಿರುದ್ಧ ಸಾಕ್ಷಿಯಾಗಿ ನಿಂತಿವೆ.

*ನಮ್ಮ ನಡುವೆ ಬೆಳೆಯುವ ಕಥೆಗಳು*

ಹೊರಗೆ ಭಯವಿದೆ, ಒಪ್ಪೋಣ. ವಿಹಾರದಲ್ಲಿ, ನಮ್ಮ ನಮ್ಮ ನಡುವೆ ಆ ಭಯವಿಲ್ಲ. ಆದರೂ ಅಲ್ಲಿ ಏಣಿ ಹಾಕುತ್ತೇವೆ. 'ನಮ್ಮ ತಾತ 56ರಲ್ಲಿ ನಾಗಪುರದಲ್ಲಿ ಬಾಬಾಸಾಹೇಬರ ಪಕ್ಕದಲ್ಲೇ ನಿಂತಿದ್ದರು' ಎಂಬ ಮಾತು ಕೇಳುತ್ತೇವೆ. ತಾತ ನಿಜವಾಗಿ ಹೋಗಿದ್ದರೆ ಅದು ದೊಡ್ಡದು, ಮೊಮ್ಮಕ್ಕಳು ಬರೆದಿಡಲಿ. ಹೋಗಿರದಿದ್ದರೆ, ಗೌಡರ ಜಮೀನಿನಲ್ಲಿ ಜೀತ ಮಾಡುತ್ತಲೇ ಮಗನನ್ನು ಶಾಲೆಗೆ ಕಳಿಸಿದ್ದರೆ, ಅದು ಸಣ್ಣದೇ? ಹುಸಿ ಕಥೆ ಹೇಳಿದಾಗ ಆ ನಿಜವಾದ ತಾತ ಎರಡನೇ ಸಲ ಮರೆಯಾಗುತ್ತಾರೆ.

ಬಾಬಾಸಾಹೇಬರ ಬಗ್ಗೆ ನಾವು ಫಾರ್ವರ್ಡ್ ಮಾಡುವ ಸಂದೇಶಗಳನ್ನೂ ನೋಡಿ. ಅವರಿಗೆ 32 ಪದವಿ ಇತ್ತು ಎಂದು ಕಳಿಸುತ್ತೇವೆ. ಬಾಂಬೆ ವಿಶ್ವವಿದ್ಯಾಲಯದ ಬಿ.ಎ., ಕೊಲಂಬಿಯಾದ ಎಂ.ಎ. ಮತ್ತು ಪಿಎಚ್.ಡಿ., ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನ ಎಂ.ಎಸ್ಸಿ. ಮತ್ತು ಡಿ.ಎಸ್ಸಿ., ಗ್ರೇಸ್ ಇನ್‌ನ ಬ್ಯಾರಿಸ್ಟರ್. ಮೇಲೆ 1952ರಲ್ಲಿ ಕೊಲಂಬಿಯಾ, 1953ರಲ್ಲಿ ಉಸ್ಮಾನಿಯಾ ಕೊಟ್ಟ ಗೌರವ ಡಾಕ್ಟರೇಟುಗಳು. ಶಾಲೆಯ ಒಳಗೆ ಕೂರಲು ಗೋಣಿಚೀಲ ಮನೆಯಿಂದ ತಂದ ಹುಡುಗ ಇಷ್ಟು ಓದಿದ. ಇದಕ್ಕೆ ಸೇರಿಸಬೇಕಾದದ್ದು ಏನಿದೆ? ಸೇರಿಸಿದರೆ ಎದುರಿನವನು ಸುಳ್ಳಾದ ಒಂದನ್ನು ಹಿಡಿದು ನಿಜವಾದ ಎಂಟನ್ನೂ ಅನುಮಾನಿಸುತ್ತಾನೆ.

ಇದರ ಬೆಲೆ ದೊಡ್ಡದು. ನಮ್ಮವರ ಮೇಲೆ ಹಲ್ಲೆಯಾಗಿ 1989ರ ದೌರ್ಜನ್ಯ ತಡೆ ಕಾಯ್ದೆಯಡಿ ದೂರು ಕೊಡಲು ಠಾಣೆಗೆ ಹೋದಾಗ ಮೊದಲು ಕೇಳಿಸುವ ಮಾತು 'ಇವರು ಸುಳ್ಳು ಹೇಳ್ತಾರೆ' ಎಂಬುದು. ಎಷ್ಟೋ ನಿಜವಾದ ಕೇಸುಗಳು ತನಿಖೆಯ ವಿಳಂಬದಿಂದ, ಸಾಕ್ಷಿಗಳನ್ನು ಹೆದರಿಸುವುದರಿಂದ ಬಿದ್ದುಹೋಗುತ್ತವೆ. ಅದು ನಮ್ಮ ಕೈಯಲ್ಲಿಲ್ಲ. ನಮ್ಮ ಕೈಯಲ್ಲಿರುವುದು ನಮ್ಮ ಹೇಳಿಕೆ. ಹೊಡೆದವರು ಇಬ್ಬರಾಗಿದ್ದು, ಕೋಪದಲ್ಲಿ ಆರು ಜನ ಎಂದು ಬರೆಸಿದರೆ ಪಾಟೀಸವಾಲಿನಲ್ಲಿ ವಕೀಲರು ಹಿಡಿಯುವುದು ಆ ನಾಲ್ಕನ್ನೇ. ಸೇರಿಸಿದ ನಾಲ್ಕು ಹೆಸರು ನಿಜವಾದ ಎರಡು ಹೆಸರನ್ನೂ ಬಿಡಿಸಿಕೊಂಡು ಹೋಗುತ್ತವೆ. ಹಣ, ಜಮೀನು, ಅಧಿಕಾರ ಇಲ್ಲದವರಿಗೆ ಮಾತೇ ಆಸ್ತಿ. ಆನೆಗೆ ಸೊಂಡಿಲು ಹೇಗೋ ನಮಗೆ ಅದು ಹಾಗೆ.

*ಅಂಥವರ ಜೊತೆ ಹೇಗಿರಬೇಕು?*

ಎಲ್ಲರ ಮುಂದೆ ಹಿಡಿದು ಹಾಕಬೇಡಿ. ಸಿಕ್ಕಿಬಿದ್ದವನು ಇನ್ನೊಂದು ಸುಳ್ಳು ಕಟ್ಟುತ್ತಾನೆ, ಇಲ್ಲವೇ ನಮ್ಮ ಹುಡುಗನಂತೆ ಬರುವುದನ್ನೇ ಬಿಡುತ್ತಾನೆ. ಹಾಗೆಂದು ಬಾಯಿ ತೆರೆದು ಕೇಳಿ ಚಪ್ಪಾಳೆಯನ್ನೂ ಹೊಡೆಯಬೇಡಿ. ಅವರ ನಿಜವಾದ ಬದುಕನ್ನು ಆಸಕ್ತಿಯಿಂದ ಕೇಳಿ. ದುಡ್ಡು ಕಾಸಿನ ವಿಷಯದಲ್ಲಿ ಮಾತ್ರ ಎಚ್ಚರವಿರಲಿ.

ಮನೆಯವರು ಎಷ್ಟು ಹೇಳಿದರೂ ನಿಲ್ಲಿಸಲಾಗದಷ್ಟು ಸುಳ್ಳು ಹೇಳುವವರೂ ಇದ್ದಾರೆ. 1891ರಲ್ಲೇ ಆಂಟನ್ ಡೆಲ್‌ಬ್ರೂಕ್ ಎಂಬ ಮನೋವೈದ್ಯರು ಇಂಥವರನ್ನು ಗಮನಿಸಿ ಅದಕ್ಕೆ ಸೂಡೊಲಾಜಿಯಾ ಫೆಂಟಾಸ್ಟಿಕಾ ಎಂದು ಹೆಸರಿಟ್ಟರು. ಬೈಗುಳದಿಂದ ಅದು ಹೋಗುವುದಿಲ್ಲ. ಮನೋವೈದ್ಯರ ಬಳಿ, ಆಪ್ತಸಮಾಲೋಚಕರ ಬಳಿ ಕರೆದುಕೊಂಡು ಹೋಗಬೇಕು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ಶುಲ್ಕವಿಲ್ಲ. ಮಂತ್ರ, ತಾಯತ ಎಂದು ಹೋಗಬೇಡಿ.

*ಇಂದಿನ ಅಭ್ಯಾಸ*

ತಂಬಿಗೆಯ ಪಾಠವಾದ ಮೇಲೆ ಭಗವಾನರು ರಾಹುಲನಿಗೆ ಕನ್ನಡಿ ಯಾತಕ್ಕೆ ಎಂದು ಕೇಳುತ್ತಾರೆ. ನೋಡಿಕೊಳ್ಳಲು ಎನ್ನುತ್ತಾನೆ. ಹಾಗೆಯೇ ಮಾಡುವ ಮೊದಲು, ಮಾಡುವಾಗ, ಮಾಡಿದ ಮೇಲೆ ನೋಡಿಕೊ ಎನ್ನುತ್ತಾರೆ. ಇವತ್ತು ಒಂದು ದಿನ ನಮ್ಮ ಬಗ್ಗೆ ನಾವು ಆಡುವ ಮಾತಿಗೆ ಮಾತ್ರ ಇದನ್ನು ಮಾಡೋಣ.

ಹೇಳುವ ಮೊದಲು: ಇದನ್ನು ಯಾರ ಎದುರು ದೊಡ್ಡವನಾಗಲು ಹೇಳುತ್ತಿದ್ದೇನೆ?
ಹೇಳುವಾಗ: ಈಗ ಸೇರಿಸಿದ ಮಾತು ನಡೆದದ್ದೇ?
ಹೇಳಿದ ಮೇಲೆ: ಸೇರಿದ್ದು ಗೊತ್ತಾದರೆ ಅಲ್ಲೇ ತಿದ್ದುವುದು. 'ಹತ್ತಲ್ಲ, ಎಂಟು' ಎಂದರೆ ಸಾಕು. ದೊಡ್ಡ ಪಶ್ಚಾತ್ತಾಪ ಬೇಕಾಗಿಲ್ಲ.

ಮೇಲಲ್ಲ, ಕೆಳಗಲ್ಲ, ಹೀಗಿದ್ದೇನೆ ಎಂದು ಹೇಳಿಕೊಳ್ಳುವ ಧೈರ್ಯ ನಮ್ಮೆಲ್ಲರಿಗೂ ಬರಲಿ. ಹಾಗೆ ಹೇಳಿಕೊಂಡವರಿಗೆ ಕೂರಲು ನಮ್ಮ ವಿಹಾರದಲ್ಲಿ ಜಾಗವಿರಲಿ.

ಭವತು ಸಬ್ಬ ಮಂಗಲಂ. ಸಾಧು, ಸಾಧು, ಸಾಧು.
ಜೈ ಭೀಮ್ 🙏